ಬೈಕ್‌ಗೆ ರಜೆ, ದೋಣಿಯಲ್ಲಿ ಮಜಾ

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಬೈಕಿನಲ್ಲಿ ಹೊರಟ ನಮಗೆ ಎರಡೇ ದಿನಕ್ಕೆ ಸೊಂಟ ಹಿಡಿದುಬಿಟ್ಟಿತ್ತು. ‘ರೀ, ನಾಳೆ ಬೈಕ್ ಮುಟ್ಟೋದೇ ಬೇಡ’ ಅಂದೆ. ಹಾಗಾಗಿ ಕೇರಳದ ತೇಕ್ಕಡಿಯಲ್ಲಿ ಒಂದು ದಿನ ವಿಶ್ರಾಂತಿ, ಪೆರಿಯಾರ್ ಸರೋವರದಲ್ಲಿ ದೋಣಿ ವಿಹಾರ.

1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಒಣಮರಗಳು ಇಂದಿಗೂ ನೀರಿನಲ್ಲಿ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ಕೂತಿದ್ದವು. ದಡದಲ್ಲಿ ಮರಿಯೊಂದಿಗೆ ಆನೆ ಕಂಡದ್ದೇ ತಡ, ನಮ್ಮ ಯಜಮಾನರು ಕ್ಯಾಮೆರಾ ಹಿಡಿದು ಎದ್ದೇಬಿಟ್ಟರು! ಶರಟು ಜಗ್ಗಿ ಕೂರಿಸಿದೆ. 2009ರ ಸೆಪ್ಟೆಂಬರ್ 30ರಂದು ಇದೇ ಸರೋವರದಲ್ಲಿ, ಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಾಗ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡಿದ್ದರು.

ನೀವೂ ಹೊರಟರೆ ಇಷ್ಟು ನೆನಪಿಡಿ:

* ಬೆಳಗಿನ ಮೊದಲ ದೋಣಿಗೇ ಟಿಕೆಟ್ ಕಾದಿರಿಸಿ.
* ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯಾಗಿರಲಿ. ಫೋಟೊ ಚೆನ್ನಾಗಿ ಬರಲೆಂದು ಬಿಚ್ಚಬೇಡಿ.
* ಆನೆಯೇ ಬರಲಿ, ಹುಲಿಯೇ ಬರಲಿ, ಕೂತಲ್ಲಿಂದಲೇ ನೋಡಿ. ಮಕ್ಕಳ ಕೈ ಬಿಡಬೇಡಿ.
* ಮಧ್ಯಾಹ್ನ ಮತ್ತೆ ಸುತ್ತಾಟ ಬೇಡ. ಉಂಡು, ಕಾಲು ಚಾಚಿ ಮಲಗಿ. ಮರುದಿನ ಬೈಕ್ ಓಡಿಸುವವರಿಗೆ ನಿದ್ದೆ ಬೇಕೇ ಬೇಕು.

ನಮ್ಮ ಆನೆ ಫೋಟೊ ಮಸುಕಾಗಿ ಬಂದಿದೆ. ಬರಲಿ ಬಿಡಿ, ಯಜಮಾನರು ಪಕ್ಕದಲ್ಲೇ ಇದ್ದಾರಲ್ಲ!