ಶ್ರೀರಂಗಪಟ್ಟಣದಿಂದ ಶಾರ್ಜಾಕ್ಕೆ: ಯುವ ಕಲಾವಿದರ ದಾರಿ ಯಾವುದು?

ಕನ್ನಡಿಗರಿಗೆ ಬಹುಕಾಲ ಉದ್ಯೋಗದ ಊರುಗಳಾಗಿಯಷ್ಟೇ ಪರಿಚಿತವಾಗಿದ್ದ ಅರಬ್ ನಗರಗಳು ಇಂದು ಸಮಕಾಲೀನ ಕಲೆಯ ಕೇಂದ್ರಗಳೂ ಆಗಿವೆ. ಶಾರ್ಜಾದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ, ಅಂದರೆ ಬಿನಾಲೆ, 1993ರಲ್ಲಿ ಆರಂಭವಾಯಿತು. 2007ರಲ್ಲಿ ದುಬೈ ಕಲಾಮೇಳ, 2010ರಲ್ಲಿ ದೋಹಾದ ‘ಮತಾಫ್’ ಸಂಗ್ರಹಾಲಯ, 2021ರಲ್ಲಿ ರಿಯಾದ್‌ನ ದಿರಿಯಾ ಬಿನಾಲೆ ಅದನ್ನು ಹಿಂಬಾಲಿಸಿದವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಅಥವಾ ನಾಗಮಂಗಲದ ಯುವ ಕಲಾವಿದರಿಗೆ ಈ ವೇದಿಕೆಗಳು ಎಟುಕುವಂಥವೇ?

ಮೇಳ ಬೇರೆ, ಬಿನಾಲೆ ಬೇರೆ

ಕಲಾಮೇಳವೆಂದರೆ ಮಾರುಕಟ್ಟೆ. ಅಲ್ಲಿ ಗ್ಯಾಲರಿಗಳು ಮಳಿಗೆ ಹಿಡಿದು ಕೃತಿಗಳನ್ನು ಮಾರುತ್ತವೆ. ಗ್ಯಾಲರಿಯ ಬೆಂಬಲವಿಲ್ಲದ ಕಲಾವಿದನಿಗೆ ಪ್ರವೇಶ ಕಷ್ಟ. ಬಿನಾಲೆಯ ಉದ್ದೇಶ ಮಾರಾಟವಲ್ಲ. ಕ್ಯುರೇಟರ್ ಒಂದು ವಿಷಯವನ್ನು ನಿಗದಿಪಡಿಸಿ, ಅದಕ್ಕೆ ಹೊಂದುವ ಕಲಾವಿದರನ್ನು ಆಹ್ವಾನಿಸುತ್ತಾರೆ. ಹೊಸ ಕೃತಿಯ ರಚನೆಗೆ ಧನಸಹಾಯ ದೊರೆಯುವುದೂ ಉಂಟು. ಆದರೆ ಆಹ್ವಾನ ಬರಬೇಕಾದರೆ ಕಲಾವಿದನ ಕೃತಿ ಎಲ್ಲಾದರೂ ಕ್ಯುರೇಟರ್ ಕಣ್ಣಿಗೆ ಬಿದ್ದಿರಬೇಕು.

ನಡೆದು ತೋರಿಸಿದವರು

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. 2009ರಲ್ಲಿ ಅವರು ಶಾರ್ಜಾ ಬಿನಾಲೆಯಲ್ಲಿ ಪಾಲ್ಗೊಂಡರು. ಅದೇ ವರ್ಷ ವೆನಿಸ್‌ನಲ್ಲಿ ಪ್ರದರ್ಶಿಸಿದ ಕೃತಿಗೆ ಅವರು ಬಳಸಿದ್ದು ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗವನ್ನು ಹಾಗೂ ಕಾರಿನ ಬಂಪರುಗಳನ್ನು. ಮೈಸೂರಿನ ಎನ್.ಎಸ್. ಹರ್ಷ ಅವರು ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ‘ಕಾವಾ’ದ ಪದವೀಧರರು. ಸ್ವಂತ ಊರಿನಲ್ಲಿಯೇ ನೆಲೆಸಿ, 2008ರಲ್ಲಿ ಬ್ರಿಟನ್ನಿನ ‘ಆರ್ಟೆಸ್ ಮುಂಡಿ’ ಪ್ರಶಸ್ತಿ ಪಡೆದರು. ಸಾಲಾಗಿ ಕುಳಿತು ಉಣ್ಣುವ ಜನರು ಅವರ ಚಿತ್ರಗಳಲ್ಲಿ ಜಗತ್ತಿನ ಗಮನ ಸೆಳೆದರು. ಇಬ್ಬರಿಗೂ ನಮ್ಮ ಬದುಕಿನ ಸಾಮಗ್ರಿಯೇ ಬಂಡವಾಳವಾಯಿತೆಂಬುದು ಗಮನಾರ್ಹ.

ಅಂಥ ಬಂಡವಾಳ ಈ ನಾಲ್ಕು ತಾಲ್ಲೂಕುಗಳಲ್ಲೂ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಬೃಹತ್ ಚಿತ್ರವಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹೊಯ್ಸಳ ಶಿಲ್ಪ, ನಾಗಮಂಗಲದಲ್ಲಿ ಲೋಹ ವಿಗ್ರಹಗಳ ಪರಂಪರೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ದೇಗುಲ ಹಾಗೂ ಕಲ್ಯಾಣಿಗಳಿವೆ.

ಮೊದಲ ಮೆಟ್ಟಿಲು

ನಾಲ್ಕೂ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಹತ್ತಿರದ ದೊಡ್ಡ ಕಲಾಶಿಕ್ಷಣ ಕೇಂದ್ರ ಮೈಸೂರಿನ ಕಾವಾ. ಅಲ್ಲಿಂದ ಮುಂದಿನ ಮೆಟ್ಟಿಲು ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಅಥವಾ ಕೊಚ್ಚಿಯ ವಿದ್ಯಾರ್ಥಿ ಬಿನಾಲೆ. ಕಲಾಶಾಲೆಗಳ ವಿದ್ಯಾರ್ಥಿಗಳಿಗಾಗಿ 2014ರಲ್ಲಿ ಆರಂಭವಾದ ಇದು, ಹೊರ ರಾಜ್ಯ ಹಾಗೂ ವಿದೇಶಗಳ ಕ್ಯುರೇಟರ್‌ಗಳು ಬಂದು ಹೋಗುವ ಕೊಚ್ಚಿ ಬಿನಾಲೆಯ ಜೊತೆಯಲ್ಲೇ ನಡೆಯುತ್ತದೆ.

ಎಲ್ಲಕ್ಕೂ ಮೊದಲು ಬೇಕಾದುದು ಬಾಡಿಗೆ ಭರಿಸಬಲ್ಲ ಸಾರ್ವಜನಿಕ ಪ್ರದರ್ಶನಾಂಗಣ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ಹೊಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಈ ಕಾರಣಕ್ಕೇ. ಹಣವಿಲ್ಲದ ಹೊಸಬರಿಗೆ ಬಾಗಿಲು ಮುಚ್ಚೀತೆಂಬುದು ಅವರ ಆತಂಕವಾಗಿತ್ತು. ತಾಲ್ಲೂಕು ಕೇಂದ್ರದ ಒಂದು ಸಭಾಂಗಣ ವರ್ಷದಲ್ಲಿ ಹದಿನೈದು ದಿನ ಯುವ ಕಲಾವಿದರಿಗೆ ದೊರೆತರೂ ಶಾರ್ಜಾದ ದಾರಿ ಅಷ್ಟರಮಟ್ಟಿಗೆ ಹತ್ತಿರವಾದೀತು.