ಗರ್ಭಕೋಶ ಜಾರಿದಾಗ ಮೆಶ್ ಹಾಕುವುದು: ಯಾವ ದಾರಿಯಿಂದ ಎಂದು ಮೊದಲು ಕೇಳಿ

ಕೆಳಹೊಟ್ಟೆಯಲ್ಲಿ ಭಾರ, ಯೋನಿಯಿಂದ ಏನೋ ಹೊರಗೆ ಬಂದಂಥ ಅನುಭವ, ಮೂತ್ರ ಪೂರ್ತಿ ಹೋಗಿಲ್ಲ ಎನ್ನಿಸುವುದು. ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳ ಜಾರಿದಾಗ ಕಾಣಿಸುವ ಲಕ್ಷಣಗಳಿವು. ನಾಚಿಕೆಯಿಂದ ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ವೈದ್ಯರ ಬಳಿ ಹೋದಾಗ ‘ಮೆಶ್ ಹಾಕಬೇಕು’ ಎನ್ನುತ್ತಾರೆ. ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದರೆ ವಿದೇಶದ ಮೊಕದ್ದಮೆಗಳ ಸುದ್ದಿ. ಗಾಬರಿಯಾಗುವುದು ಸಹಜ. ಆದರೆ ಮೆಶ್ ಆಪರೇಷನ್ ಎಂದರೆ ಒಂದೇ ಬಗೆಯದಲ್ಲ.

ಮೆಶ್ ಎಂದರೆ ಸೊಳ್ಳೆಪರದೆಯಂತೆ ಸಣ್ಣ ರಂಧ್ರಗಳಿರುವ ಪಟ್ಟಿ. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನಿಂದ ಮಾಡಿರುತ್ತಾರೆ. ಹರ್ನಿಯಾಕ್ಕೂ ಇದನ್ನು ಬಳಸುತ್ತಾರೆ. ನಮ್ಮ ಅಂಗಾಂಶ ಆ ರಂಧ್ರಗಳ ಮೂಲಕ ಬೆಳೆದು ಪಟ್ಟಿಯನ್ನು ಹಿಡಿದುಕೊಳ್ಳುತ್ತದೆ. ಬಲ ಬರುವುದು ಹೀಗೆ. ತೊಂದರೆಯಾದರೆ ಪೂರ್ತಿ ತೆಗೆಯುವುದು ಕಷ್ಟವಾಗುವುದೂ ಇದರಿಂದಲೇ.

ಒಂದು ವಿಧಾನದಲ್ಲಿ ಯೋನಿಯ ಗೋಡೆಯನ್ನು ಬಿಡಿಸಿ ಅದರ ಅಡಿಯಲ್ಲೇ ಮೆಶ್ ಇಡುತ್ತಾರೆ. ಸುದ್ದಿಯಾದದ್ದು ಇದೇ. ಕೆಲವರಲ್ಲಿ ಮೆಶ್ ಗೋಡೆಯನ್ನು ಕೊರೆದು ಹೊರಬಂತು, ನೋವು ಉಳಿಯಿತು, ಮತ್ತೆ ಆಪರೇಷನ್ ಬೇಕಾಯಿತು. ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿ, 2019ರ ಏಪ್ರಿಲ್‌ನಲ್ಲಿ ಈ ಬಳಕೆಯ ಮೆಶ್‌ನ ಮಾರಾಟವನ್ನೇ ನಿಲ್ಲಿಸಲು ಹೇಳಿತು.

ಇನ್ನೊಂದು ವಿಧಾನ ಸ್ಯಾಕ್ರೊಕಾಲ್ಪೊಪೆಕ್ಸಿ. ಇಲ್ಲಿ ಮೆಶ್ ಹೋಗುವುದು ಹೊಟ್ಟೆಯ ಕಡೆಯಿಂದ, ಈಗ ಹೆಚ್ಚಾಗಿ ಲ್ಯಾಪರೊಸ್ಕೋಪಿ ಅಥವಾ ರೋಬೋಟ್ ನೆರವಿನಿಂದ. ಪಟ್ಟಿಯ ಒಂದು ತುದಿಯನ್ನು ಯೋನಿಯ ಮೇಲ್ಭಾಗಕ್ಕೆ, ಇನ್ನೊಂದನ್ನು ಬೆನ್ನುಮೂಳೆಯ ಕೆಳಗಿನ ಸೇಕ್ರಮ್ ಮೂಳೆಯ ಮುಂಭಾಗಕ್ಕೆ ಹೊಲಿದು ಮೇಲಕ್ಕೆ ನಿಲ್ಲಿಸುತ್ತಾರೆ. ಎಫ್‌ಡಿಎ ಆದೇಶ ಇದಕ್ಕೆ ಅನ್ವಯಿಸಲಿಲ್ಲ. ಇದರಲ್ಲಿ ಮೆಶ್ ಹೊರಬರುವುದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಮುಂಬೈಯಲ್ಲಿರುವವರಿಗೆ ಒಂದು ಮಾತು: ಮಕ್ಕಳು ಬೇಕೆನ್ನುವ ಕಿರಿಯ ಹೆಂಗಸರ ಗರ್ಭಕೋಶವನ್ನು ಉಳಿಸಿಕೊಂಡೇ ಮೇಲೆತ್ತುವ ವಿಧಾನಗಳನ್ನು ರೂಪಿಸಿದವರಲ್ಲಿ ನಿಮ್ಮ ಊರಿನ ಡಾ. ಶಿರೋಡ್ಕರ್ ಮತ್ತು ಡಾ. ಪುರಂದರೆ ಇದ್ದಾರೆ. ಜಾರಿದೆ ಎಂದ ಮಾತ್ರಕ್ಕೆ ಗರ್ಭಕೋಶ ತೆಗೆಯಲೇಬೇಕೆಂದಿಲ್ಲ.

ಮೆಶ್ ಇಲ್ಲದೆ, ನಿಮ್ಮದೇ ಅಂಗಾಂಶವನ್ನು ಹೊಲಿದು ಸರಿಪಡಿಸುವುದೂ ಇದೆ. ಕೆಲವರಲ್ಲಿ ಮತ್ತೆ ಜಾರಬಹುದು. ಆಪರೇಷನ್ ಬೇಡವೆನ್ನುವವರಿಗೆ ಸಿಲಿಕೋನ್ ಪೆಸರಿ ಬಳೆ, ಕೆಳಸ್ನಾಯುಗಳ ವ್ಯಾಯಾಮ ಇವೆ. ತೊಂದರೆಯೇ ಕೊಡದ ಜಾರುವಿಕೆಗೆ ಅವಸರ ಬೇಡ.

ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ: ಮೆಶ್ ಯಾವ ದಾರಿಯಿಂದ ಹಾಕುತ್ತೀರಿ, ನನಗೆ ಅದು ಏಕೆ ಬೇಕು, ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ತೊಂದರೆಯಾದರೆ ಯಾರು ನೋಡುತ್ತಾರೆ? ಸಕ್ಕರೆ ಕಾಯಿಲೆ, ತಂಬಾಕಿನ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಎರಡೂ ಗಾಯ ಮಾಯುವುದನ್ನು ತಡಮಾಡುತ್ತವೆ.

ಮನೆಯವರಿಗೆ: ಆಪರೇಷನ್ ಆದ ಮೇಲೆ ಸುಮಾರು ಆರು ವಾರ ತುಂಬಿದ ಬಕೆಟ್, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಅವರಿಂದ ಎತ್ತಿಸಬೇಡಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಡಿಸ್ಚಾರ್ಜ್ ಪತ್ರದ ಜೊತೆ ಮೆಶ್‌ನ ಸ್ಟಿಕ್ಕರ್ ಕೇಳಿ ಫೈಲ್‌ನಲ್ಲಿಡಿ. ರಕ್ತಸ್ರಾವ, ವಾಸನೆಯ ಸ್ರಾವ, ಮೂತ್ರ ಕಟ್ಟುವುದು, ಸಂಭೋಗದಲ್ಲಿ ನೋವು ಅಥವಾ ಗಂಡನಿಗೆ ಏನೋ ಚುಚ್ಚಿದಂತಾಗುವುದು ವರ್ಷಗಳ ನಂತರ ಕಂಡರೂ ವೈದ್ಯರಿಗೆ ತೋರಿಸಿ, ಮೆಶ್ ಇದೆ ಎಂಬುದನ್ನು ಮೊದಲೇ ಹೇಳಿ.