ಪಹಣಿಯ ಕಂತೆಯಿಂದ ಗಣಕದ ಗಾಜಿನವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡುವವರಿಗೆ ರಾಮನಗರವೆಂದರೆ ಹೆಬ್ಬಂಡೆಗಳ ಊರು, ಚನ್ನಪಟ್ಟಣವೆಂದರೆ ಬಣ್ಣದ ಬೊಂಬೆಗಳ ಊರು. ಮಾಗಡಿಯೆಂದೊಡನೆ ಕೆಂಪೇಗೌಡರೂ ಸಾವನದುರ್ಗವೂ, ಕನಕಪುರವೆಂದೊಡನೆ ರೇಷ್ಮೆಯೂ ಸಂಗಮವೂ ನೆನಪಿಗೆ ಬರುತ್ತವೆ. ಮೊದಲು ಬೆಂಗಳೂರು ಜಿಲ್ಲೆಗೂ 1986ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸೇರಿದ್ದ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಹಿಂದೆ ಕ್ಲೋಸ್‌ಪೇಟೆಯೆಂದು ಕರೆಸಿಕೊಂಡಿದ್ದ ರಾಮನಗರದ ಜನಕ್ಕೆ ಹೆಸರಿನ ಬದಲಾವಣೆ ಹೊಸ ಸಂಗತಿಯೇನೂ ಅಲ್ಲ. ಅದಕ್ಕಿಂತ ಆಳವಾದ ಬದಲಾವಣೆಯೊಂದು ಇಲ್ಲಿ ನಡೆದಿದೆ. ಅದು ಹೆದ್ದಾರಿಯ ಮೇಲೆ ಹೋಗುವವರಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ತಾಲ್ಲೂಕು ಕಚೇರಿಯ ಕಿಟಕಿಯ ಬಳಿ ನಿಲ್ಲಬೇಕು.

ನಮ್ಮ ತಾತಂದಿರ ಕಾಲದಲ್ಲಿ ಹಳ್ಳಿಯ ಭೂಮಿಯ ಲೆಕ್ಕವೆಲ್ಲ ಶಾನುಭೋಗರ ವಶದಲ್ಲಿತ್ತು. ಯಾವ ಸರ್ವೆ ನಂಬರು ಯಾರದು, ಎಷ್ಟು ಗುಂಟೆ ಖರಾಬು, ಯಾವ ಹೊಲದ ಮೇಲೆ ಎಷ್ಟು ಸಾಲ ಎಂಬುದೆಲ್ಲ ಅವರ ಕಟ್ಟುಗಳಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಅವರ ತಲೆಯಲ್ಲಿಯೂ ಇರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಗೊಳಿಸುವ ಶಾಸನ 1961ರಲ್ಲಿ ಆಯಿತು. ಎರಡು ವರ್ಷಗಳ ಮೇಲೆ ಅದು ಜಾರಿಗೆ ಬಂದಿತು. ಶಾನುಭೋಗರು ಹೋಗಿ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಕಟ್ಟುಗಳು ಮಾತ್ರ ಹಾಗೆಯೇ ಉಳಿದವು. ಮೂರು ನಾಲ್ಕು ಹಳ್ಳಿಗಳಿಗೆ ಒಬ್ಬ ಲೆಕ್ಕಿಗ. ಅವನು ಇಂದು ಯಾವ ಹಳ್ಳಿಯಲ್ಲಿದ್ದಾನೆಂದು ತಿಳಿದುಕೊಳ್ಳುವುದೇ ರೈತನಿಗೆ ಒಂದು ದಿನದ ಕೆಲಸ. ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕು, ಕೋರ್ಟಿಗೆ ಪಹಣಿ ಬೇಕು, ಜಾಮೀನು ನಿಲ್ಲುವುದಕ್ಕೂ ಪಹಣಿ ಬೇಕು. ಆ ಒಂದು ಹಾಳೆಗೆ ಕಾನೂನಿನ ಪ್ರಕಾರ ಎರಡು ರೂಪಾಯಿ. ಲೋಕರೂಢಿಯ ಪ್ರಕಾರ ಎಷ್ಟೆಂಬುದು ಕೇಳುವವನ ಮುಖವನ್ನೂ ಕೇಳಿಸಿಕೊಳ್ಳುವವನ ಮನಸ್ಸನ್ನೂ ಅವಲಂಬಿಸಿತ್ತು.

ಈ ಕಟ್ಟುಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಕರ್ನಾಟಕ ಸರ್ಕಾರ 'ಭೂಮಿ' ಎಂದು ಹೆಸರಿಟ್ಟಿತು. ಕಂದಾಯ ಇಲಾಖೆಯಲ್ಲಿ ಇದರ ಹೊಣೆ ಹೊತ್ತವರು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು. ಯಂತ್ರಕ್ಕೆ ಬೇಕಾದ ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು! ಸುಮಾರು 9,000 ಗ್ರಾಮಲೆಕ್ಕಿಗರು ತಮ್ಮ ತಮ್ಮ ಕೈಬರಹದಲ್ಲಿ, ತಮ್ಮ ತಮ್ಮ ಪದ್ಧತಿಯಲ್ಲಿ ಬರೆದಿಟ್ಟದ್ದು. ಅದನ್ನು ಓದಿ, ಬೆರಳಚ್ಚಿಸಿ, ಮತ್ತೆ ಮೂಲದೊಡನೆ ತಾಳೆ ನೋಡುವ ಕೆಲಸ ತಾಲ್ಲೂಕು ತಾಲ್ಲೂಕಿನಲ್ಲಿಯೂ ನಡೆಯಿತು. 2002ರ ವೇಳೆಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ಭೂಮಿ ಕೇಂದ್ರಗಳು ತೆರೆದಿದ್ದವು. ಕೈಬರಹದ ಪಹಣಿ ಇನ್ನು ಚಲಾವಣೆಯಲ್ಲಿಲ್ಲವೆಂದು ಸಾರಿದುದು ಬಹುಶಃ ಯಂತ್ರಕ್ಕಿಂತಲೂ ದೊಡ್ಡ ಧೈರ್ಯ. ಹಳೆಯ ಬಾಗಿಲು ತೆರೆದೇ ಇದ್ದಿದ್ದರೆ ಹೊಸ ಬಾಗಿಲಿಗೆ ಯಾರು ಬರುತ್ತಿದ್ದರು?

ಆ ಕೇಂದ್ರಗಳ ಏರ್ಪಾಡಿನಲ್ಲಿ ಒಂದು ಚಿಕ್ಕ ಸಂಗತಿ ಮೆಚ್ಚಬೇಕಾದದ್ದು. ಗುಮಾಸ್ತನ ಎದುರಿಗೆ ಒಂದು ಪರದೆ. ಅದೇ ಬರಹವನ್ನು ತೋರಿಸುವ ಇನ್ನೊಂದು ಪರದೆ ಕಿಟಕಿಯ ಕಡೆಗೆ ಮುಖಮಾಡಿ, ರೈತನ ಕಣ್ಣಿಗೆ. ಆಗ ಹದಿನೈದು ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಯಾರಾದರೂ ಪಡೆಯಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕು. ನಡುವೆ ಒಂದನ್ನು ತೂರಿಸಲು ಯಂತ್ರ ಒಪ್ಪುವುದಿಲ್ಲ. ದಾಖಲೆ ತಿದ್ದುವ ಸಿಬ್ಬಂದಿ ಬೆರಳ ಗುರುತು ಕೊಟ್ಟೇ ಒಳಗೆ ಹೋಗಬೇಕು. ನಾಳೆ 'ನಾನಲ್ಲ' ಎನ್ನುವಂತಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನವರು 2002ರಲ್ಲಿ ವಿಚಾರಿಸಿ ನೋಡಿದಾಗ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66 ಮಂದಿ. ಭೂಮಿ ಕೇಂದ್ರದಲ್ಲಿ ಕೊಟ್ಟೆವೆಂದವರು ಕೇವಲ ಮೂವರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಬಹಳ ಸೊಗಸಾಗಿತ್ತು. ಆದರೆ ಸುದ್ದಿ ಎಲ್ಲರ ಕೈಗೂ ಸಮನಾಗಿ ಬಂದರೆ ಲಾಭವೂ ಸಮನಾಗಿ ಬರುತ್ತದೆಯೇ? ಈ ಪ್ರಶ್ನೆಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಒಂದು ಉತ್ತರ ಹೇಳುತ್ತದೆ, ಅಲ್ಲಿಂದ ಸ್ವಲ್ಪ ದೂರದ ಹೊಲಗಳು ಇನ್ನೊಂದು ಉತ್ತರ ಹೇಳುತ್ತವೆ.

ಗೂಡಿನ ವ್ಯಾಪಾರದ ಮರ್ಮ ಬಲ್ಲವರು ಬಲ್ಲರು. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಒಳಗಿನ ಕೋಶ ಚಿಟ್ಟೆಯಾಗಲು ಹೆಚ್ಚು ದಿನ ಬೇಕಾಗಿಲ್ಲ. ಚಿಟ್ಟೆ ತೂತು ಮಾಡಿ ಹೊರಗೆ ಬಂದಿತೋ, ಆ ಗೂಡಿನಿಂದ ಎಳೆ ತೆಗೆಯುವ ಮಾತೇ ಇಲ್ಲ. ಆದ್ದರಿಂದ ಗೂಡು ಕಾಯುವುದಿಲ್ಲ. ಕೊಳ್ಳುವ ರೀಲರ್ ಕಾಯಬಲ್ಲ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ಬೆಳಿಗ್ಗೆ ಗೂಡು ತಂದ ರೈತ ಸಂಜೆಗೆ ಅದನ್ನು ಮಾರಿಯೇ ಹೋಗಬೇಕೆಂಬುದು ಎಲ್ಲರಿಗೂ ಗೊತ್ತು. ಮೊದಲು ಇಲ್ಲಿ ಹರಾಜೆಂದರೆ ಕೂಗಾಟ. ಈಗ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ ನೋಡಿ, ಬೆಲೆಯನ್ನು ಮೊಬೈಲಿನಲ್ಲಿ ಒತ್ತುತ್ತಾರೆ. ಪಕ್ಕದವನು ಎಷ್ಟು ಒತ್ತಿದನೆಂದು ತಿಳಿಯುವುದಿಲ್ಲ. ಶಿಡ್ಲಘಟ್ಟದಲ್ಲಿ ಇಂದು ಯಾವ ಧಾರಣೆ ನಡೆಯಿತೆಂದು ರೈತನಿಗೂ ಫೋನಿನಲ್ಲಿ ತಿಳಿಯುತ್ತದೆ. ಮಾರನೆಯ ಬೆಳೆಗೆ ಅಲ್ಲಿಗೇ ಹೋಗೋಣವೆಂದು ಅವನು ಯೋಚಿಸಬಹುದು.

ಇದಕ್ಕೆ ಹೋಲುವ ಪ್ರಸಂಗವೊಂದು ಕೇರಳದ ಕಡಲತೀರದ್ದು. 1997ರಿಂದ 2001ರವರೆಗೆ ಅಲ್ಲಿ ಮೊಬೈಲ್ ಹಬ್ಬಿದಾಗ ಬೂತಾಯಿ ಮೀನಿನ ವ್ಯಾಪಾರ ಹೇಗೆ ಬದಲಾಯಿತೆಂಬುದನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಬರೆದರು. ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೆ ಚೆಲ್ಲುತ್ತಿದ್ದಾಗ, ಕೆಲವೇ ಮೈಲಿಯಾಚೆಯ ದಂಡೆಯಲ್ಲಿ ಮೀನಿಗಾಗಿ ಜನ ಕಾದಿರುತ್ತಿದ್ದರು. ಫೋನು ಬಂದ ಮೇಲೆ ಬೆಸ್ತರು ದೋಣಿಯಿಂದಲೇ ವಿಚಾರಿಸಿ ದೋಣಿ ತಿರುಗಿಸಿದರು. ಅವರ ಲಾಭ ನೂರಕ್ಕೆ ಎಂಟರಷ್ಟು ಏರಿತು; ಕೊಳ್ಳುವವರಿಗೆ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು.

ದೋಣಿ ತಿರುಗೀತು, ಗೂಡಿನ ಚೀಲವೂ ಬೇರೆ ಸಂತೆಗೆ ಹೋದೀತು. ಹೊಲ ಎಲ್ಲಿಗೆ ಹೋದೀತು? ಅದು ಇದ್ದಲ್ಲಿಯೇ ಇರುತ್ತದೆ. ಕೊಳ್ಳುವವನೇ ಅದನ್ನು ಹುಡುಕಿಕೊಂಡು ಬರುತ್ತಾನೆ. ಬೆಂಗಳೂರು ಬೆಳೆಯುತ್ತ ಬೆಳೆಯುತ್ತ ಬಿಡದಿಯನ್ನೂ ಕನಕಪುರದ ರಸ್ತೆಯನ್ನೂ ಮಾಗಡಿಯ ರಸ್ತೆಯನ್ನೂ ಮುಟ್ಟಿತು. ಮೊದಲು ಇಂಥ ಹಳ್ಳಿಯಲ್ಲಿ ನೆಲ ಕೊಳ್ಳಬೇಕಾದರೆ ಊರಿನವರ ಪರಿಚಯ ಬೇಕಿತ್ತು, ಲೆಕ್ಕಿಗನ ದಾಕ್ಷಿಣ್ಯ ಬೇಕಿತ್ತು, ತಿಂಗಳುಗಟ್ಟಲೆ ಕಾಲ ಬೇಕಿತ್ತು. ಆ ತೊಡಕು ರೈತನನ್ನು ಪೀಡಿಸುತ್ತಿದ್ದುದೇನೋ ನಿಜ. ಒಂದು ರೀತಿಯಲ್ಲಿ ಅದೇ ಅವನಿಗೆ ಬೇಲಿಯೂ ಆಗಿತ್ತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಾತನ್ನು ಖಾರವಾಗಿಯೇ ಹೇಳಿತು: ಹಳ್ಳಿಯ ಮಟ್ಟದಲ್ಲಿದ್ದ ಅಧಿಕಾರ ಮೇಲಕ್ಕೆ ಹೋಯಿತು, ಲಂಚವೂ ಅದರ ಹಿಂದೆಯೇ ಮೇಲಕ್ಕೆ ಹತ್ತಿತು, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ನೆಲ ಕೊಳ್ಳುವವರಿಗೆ ಅನುಕೂಲವಾಯಿತು ಎಂದು. 2002ರ ಸಮೀಕ್ಷೆಗೂ ಇದಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ಓದುಗರು ಕೇಳಬಹುದು. ನನ್ನ ಮಟ್ಟಿಗೆ ಎರಡೂ ನಿಜವಿರಬಹುದೆನ್ನಿಸುತ್ತದೆ. ಹಾಳೆ ಕೇಳುವವನು ಬೇರೆ, ಖಾತೆ ಬದಲಾಯಿಸುವವನು ಬೇರೆ.

2020ರಲ್ಲಿ ಭೂಸುಧಾರಣಾ ಶಾಸನವನ್ನು ತಿದ್ದಿ, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿಯನ್ನು ಸರ್ಕಾರ ತೆಗೆಯಿತು. ಈ ಲೇಖನವನ್ನು ಓದುತ್ತಿರುವ ಸಂಸಾರಗಳಲ್ಲಿಯೂ, ಭಾನುವಾರ ಕನಕಪುರದ ಕಡೆ ಹೋಗಿ ನಾಲ್ಕು ಮಾವಿನ ಗಿಡ ನೆಡುವ ಕನಸು ಕಂಡವರು ಇಲ್ಲದಿಲ್ಲ. ತಪ್ಪೇನೂ ಅಲ್ಲ. ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿ 'ದಿಶಾಂಕ್' ತೆರೆದರೆ ಕಾಲ ಕೆಳಗಿನ ಸರ್ವೆ ನಂಬರು ಫೋನಿನಲ್ಲಿ ಮೂಡುತ್ತದೆ. ಅಲ್ಲಿಯೇ ಪಹಣಿಯಲ್ಲಿ ಒಡೆಯನ ಹೆಸರು, ಸಾಲದ ವಿವರ. ಬೇಲಿಯಾಚೆ ಕಳೆ ಕೀಳುತ್ತಿರುವ ಹೆಂಗಸಿಗೆ ಇವರು ಯಾರೆಂಬುದು ಗೊತ್ತಿಲ್ಲ. ಇವರಿಗೆ ಅವಳ ಮನೆಯ ಬ್ಯಾಂಕ್ ಸಾಲ ಗೊತ್ತು.

ಯಂತ್ರದ ಇನ್ನೊಂದು ಸ್ವಭಾವವನ್ನೂ ಇಲ್ಲಿ ಹೇಳಬೇಕು. ಅದು ಕೊಟ್ಟದ್ದನ್ನು ನಂಬುತ್ತದೆ. ಕಟ್ಟಿನಲ್ಲಿ ಸತ್ತ ತಾತನ ಹೆಸರಿದ್ದರೆ ಪರದೆಯ ಮೇಲೆಯೂ ತಾತನೇ ಜೀವಂತ. ಪೌತಿ ಖಾತೆ ಆಗದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು, ಪೋಡಿಯೂ ಇಲ್ಲದೆ ಉಳುತ್ತಿರುವ ಹೊಲಗಳು ಅನೇಕ. ಆಫ್ರಿಕದ ರುವಾಂಡಾ ದೇಶದವರು 2009ರ ನಂತರ ಬೇರೆ ದಾರಿ ಹಿಡಿದರು. ಆಕಾಶದಿಂದ ತೆಗೆದ ಚಿತ್ರಗಳನ್ನು ಹಿಡಿದು, ನೆರೆಹೊರೆಯವರ ಎದುರಿನಲ್ಲಿಯೇ ಗಡಿ ನಡೆದು, ಇಂದು ಇದು ಯಾರದೆಂದು ಕೇಳಿ, ಒಂದು ಕೋಟಿಗೂ ಮಿಕ್ಕ ತುಂಡುಗಳನ್ನು ಬರೆದುಕೊಂಡರು; ಗಂಡನ ಜೊತೆಗೆ ಹೆಂಡತಿಯ ಹೆಸರನ್ನೂ ಬರೆದರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕದ ತಿದ್ದುಪಡಿ 1994ರಲ್ಲಿಯೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೂ ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ, ಅಂದರೆ ಒಡೆಯನ ಹೆಸರಿನ ಜಾಗದಲ್ಲಿ, ಅವರು ತಾವಾಗಿ ಮೂಡುವುದಿಲ್ಲ. ಮದುವೆಯಾಗಿ ದೂರ ಹೋದ ಮಗಳು ಈಗ ಕುಳಿತಲ್ಲಿಂದಲೇ ತವರಿನ ಸರ್ವೆ ನಂಬರು ಒತ್ತಿ, ಯಾರ ಹೆಸರಿಗೆ ಏನಾಗಿದೆಯೆಂದು ನೋಡಬಹುದು. ಎಷ್ಟೋ ಮನೆಗಳ ಯುಗಾದಿಗೆ ಇದರಿಂದ ಸ್ವಲ್ಪ ಕಹಿ ಹೆಚ್ಚಾಗಿದ್ದರೆ, ಆ ಕಹಿ ಬರಬೇಕಾದದ್ದೇ.

ಪಹಣಿಯ ಹನ್ನೆರಡನೆಯ ಕಾಲಮಿನದು ಬೇರೆಯೇ ವಿನೋದ. ಅದು ಬೆಳೆಯ ಕಾಲಂ. ಶಾನುಭೋಗರ ಕಾಲದಿಂದಲೂ ಅದನ್ನು ಎಷ್ಟೋ ಸಲ ಜಗಲಿಯ ಮೇಲೆ ಕುಳಿತೇ ತುಂಬುತ್ತಿದ್ದರೆಂದು ಹಳ್ಳಿಗಳಲ್ಲಿ ಈಗಲೂ ನಗುತ್ತಾರೆ. ಹುರುಳಿಯ ಹೊಲದಲ್ಲಿ ರಾಗಿ, ರಾಗಿಯ ಹೊಲದಲ್ಲಿ ಬೀಳು. 2020ರ ಆಗಸ್ಟಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆದು ಕಳಿಸುವ ಏರ್ಪಾಡಾಯಿತು. ಮನೆಯಿಂದ ಕಳಿಸಿದರೆ ಫೋನು ಒಪ್ಪುವುದಿಲ್ಲ. ಆ ಹೊಲದ ಗಡಿಯೊಳಗೇ ನಿಂತಿರಬೇಕು. ಕಣ್ಣು ಮಂಜಾದ ಅಪ್ಪ ಬದುವಿನ ಮೇಲೆ ನಿಂತು ಇದೋ ಇಲ್ಲಿಂದ, ಆ ಹುಣಸೆಮರದವರೆಗೆ ಎಂದು ಕೈ ತೋರಿಸುತ್ತಾನೆ. ಕಾಲೇಜಿಗೆ ಹೋಗುವ ಮಗ ಫೋನು ಹಿಡಿದು ಹಿಪ್ಪುನೇರಳೆಯ ಸಾಲುಗಳ ನಡುವೆ ಹೆಜ್ಜೆ ಎಣಿಸುತ್ತ ಹೋಗುತ್ತಾನೆ.